ಸಂಭವನೀಯತೆಯೂ ನಮ್ಮ ಹೊಲವೂ

ಮಳೆಯನ್ನು ನಂಬಿ ಬಾಳುವ ಜನರಿಗೆ ‘ಬಂದರೆ ಬಂತು, ಇಲ್ಲದಿದ್ದರೆ ಇಲ್ಲ’ ಎಂಬ ಮಾತು ಹುಟ್ಟಿನೊಡನೆಯೇ ಬಂದಿರುತ್ತದೆ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡು ಮೊದಲಾಗುವುದಕ್ಕೆ ಮುನ್ನ ಸಿಗುವ ನಮ್ಮ ಹಂಗಳ ಅಂತಹವರ ಊರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯನ್ನು ಮಂಜು ಕವಿದಿರುವಾಗಲೇ ಕೆಳಗಿನ ಹೊಲಗಳಲ್ಲಿ ಜೋಳದ ಪೈರು ನೀರಿಲ್ಲದೆ ಸುರುಟಿಕೊಂಡಿರುವುದನ್ನು ನೋಡುತ್ತಾ ಬೆಳೆದವನು ನಾನು. ಅನಿಶ್ಚಿತತೆಯ ನಡುವೆಯೇ ಬೆಳೆದ ಇಂತಹವನಿಗೆ ಅನಿಶ್ಚಿತತೆಗೂ ಒಂದು ಗಣಿತವುಂಟು ಎಂಬುದು ತಿಳಿದದ್ದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ. ಆ ಗಣಿತವನ್ನು ಕಲಿತ ಬಗೆ, ಅದು ನಮ್ಮ ಮನೆಯ ಒಂದು ಕಷ್ಟಕಾಲದಲ್ಲಿ ಉಪಯೋಗಕ್ಕೆ ಬಂದ ಬಗೆ, ಇವೆರಡನ್ನೂ ಓದುಗರ ಮುಂದೆ, ಅದರಲ್ಲಿಯೂ ವಿದ್ಯಾರ್ಥಿ ಮಿತ್ರರ ಮುಂದೆ ಇಡುವುದು ಈ ಲೇಖನದ ಉದ್ದೇಶ.

1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು ನಮ್ಮ ಸೀಮೆಯ ಎಷ್ಟೋ ಬಡ ರೈತರ ಮಕ್ಕಳಿಗೆ ತಾಂತ್ರಿಕ ಶಿಕ್ಷಣದ ಬಾಗಿಲನ್ನು ತೆರೆಯಿತು. 1980ರ ದಶಕದ ಮೊದಲ ಭಾಗದಲ್ಲಿ ನಾನು ಅಲ್ಲಿ ಸಿವಿಲ್ ವಿಭಾಗದ ವಿದ್ಯಾರ್ಥಿಯಾಗಿದ್ದೆ. ಊಟ ವಸತಿಗೆ ಪ್ರಸಾದನಿಲಯದ ಆಶ್ರಯವಿತ್ತು. ಮೊದಮೊದಲು ಓದಿದ ವಿಷಯಗಳೆಲ್ಲವೂ ಖಚಿತವಾದ ಉತ್ತರವಿರುವಂತಹವು. ತೊಲೆಯ ಉದ್ದ ಇಷ್ಟು, ಮೇಲಿನ ಭಾರ ಇಷ್ಟು ಎಂದರೆ ಅದು ಬಾಗುವುದು ಇಷ್ಟೇ ಎಂದು ಹೇಳಬಹುದಾಗಿತ್ತು. ಮನೆಯ ಬಾಳಿನಲ್ಲಿ ಎಂದೂ ಕಾಣದಿದ್ದ ಖಚಿತತೆ ಪುಸ್ತಕದಲ್ಲಿ ಸಿಕ್ಕಿತೆಂದು ನನಗೆ ಬಹಳ ಸಂತೋಷವಾಗಿತ್ತು. ಅಷ್ಟರಲ್ಲಿ ಗಣಿತದ ಪಠ್ಯದಲ್ಲಿ ‘ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ’ ಎಂಬ ಅಧ್ಯಾಯ ಎದುರಾಯಿತು.

ಆ ಅಧ್ಯಾಯದ ಲೆಕ್ಕಗಳಲ್ಲಿ ಅರ್ಧದಷ್ಟು ಇಸ್ಪೀಟು ಎಲೆಗಳ ಮೇಲಿನವು. ‘ಐವತ್ತೆರಡು ಎಲೆಗಳ ಕಟ್ಟಿನಿಂದ ಎರಡನ್ನು ತೆಗೆದರೆ ಎರಡೂ ರಾಜರಾಗಿರುವ ಸಂಭವವೆಷ್ಟು?’ ಎಂಬಂತಹ ಪ್ರಶ್ನೆಗಳು. ನಮ್ಮ ಮನೆಗಳಲ್ಲಿ ಇಸ್ಪೀಟನ್ನು ಮುಟ್ಟುವಂತಿರಲಿಲ್ಲ. ಪ್ರಸಾದನಿಲಯದಲ್ಲಿ ಅದರ ಹೆಸರನ್ನೂ ಎತ್ತುವಂತಿರಲಿಲ್ಲ. ಒಂದು ಕಟ್ಟಿನಲ್ಲಿ ನಾಲ್ಕು ಜಾತಿಯ ಎಲೆಗಳಿರುತ್ತವೆ, ಜಾತಿಗೆ ಹದಿಮೂರರಂತೆ, ಎಂಬ ‘ಜ್ಞಾನ’ ನಮ್ಮಲ್ಲಿ ಅನೇಕರಿಗೆ ದೊರೆತದ್ದು ಗಣಿತದ ತರಗತಿಯಲ್ಲಿಯೇ. ನಮ್ಮ ಅಧ್ಯಾಪಕರು ಹಳೆಯ ರಟ್ಟನ್ನು ಕತ್ತರಿಸಿ ಅದರ ಮೇಲೆ ಚಿತ್ರ ಬರೆದು ತಂದಿದ್ದರು. ‘ಇದನ್ನು ಲೆಕ್ಕಕ್ಕೆ ಮಾತ್ರ ಕಲಿಯಿರಿ, ಅಭ್ಯಾಸಕ್ಕೆ ಬೇಡ’ ಎಂದು ಅವರು ಹೇಳಿದಾಗ ತರಗತಿಯೆಲ್ಲ ನಕ್ಕಿತು.

ನನಗೆ ಈ ವಿಷಯ ನಿಜವಾಗಿ ಹಿಡಿತಕ್ಕೆ ಬಂದುದು ಕವಡೆಗಳಿಂದ. ನಮ್ಮ ಅಜ್ಜಿ ಜಗಲಿಯ ಮೇಲೆ ಬರೆದ ಮನೆಗಳಲ್ಲಿ ಚೌಕಾಬಾರ ಆಡಿಸುತ್ತಿದ್ದರು. ನಾಲ್ಕು ಕವಡೆಗಳನ್ನು ಎಸೆದು, ಬಾಯಿ ಮೇಲಾದವನ್ನು ಎಣಿಸಬೇಕು. ನಾಲ್ಕೂ ಬಾಯಿ ಮೇಲಾದರೆ ನಾಲ್ಕು. ನಾಲ್ಕೂ ಬೋರಲಾದರೆ ಎಂಟು. ‘ಎರಡೇ ಹೆಚ್ಚು ಬೀಳೋದು’ ಎಂಬುದು ಅಜ್ಜಿಯ ಅನುಭವದ ಮಾತು. ಅದರ ಕಾರಣ ಅಧ್ಯಾಯದಲ್ಲಿತ್ತು. ಪ್ರತಿ ಕವಡೆಯೂ ಎರಡು ಬಗೆಯಲ್ಲಿ ಬೀಳಬಹುದಾದುದರಿಂದ ನಾಲ್ಕು ಕವಡೆಗಳು ಒಟ್ಟು ಹದಿನಾರು ಬಗೆಯಲ್ಲಿ ಬೀಳಬಲ್ಲವು. ಅದರಲ್ಲಿ ಒಂದು ಬಾಯಿ ಮೇಲಾಗುವುದು ನಾಲ್ಕು ಬಗೆ, ಎರಡಾಗುವುದು ಆರು ಬಗೆ, ಮೂರಾಗುವುದು ನಾಲ್ಕು ಬಗೆ. ನಾಲ್ಕೂ ಮೇಲಾಗುವುದು, ನಾಲ್ಕೂ ಬೋರಲಾಗುವುದು ಒಂದೊಂದೇ ಬಗೆ. ದಸರಾ ರಜೆಯಲ್ಲಿ ಊರಿಗೆ ಬಂದಾಗ ಐನೂರು ಸಲ ಎಸೆದು ಪಟ್ಟಿ ಬರೆದೆ. ಎರಡೇ ಹೆಚ್ಚಾಗಿತ್ತು, ಆದರೆ ಪುಸ್ತಕದ ಪ್ರಮಾಣಕ್ಕೂ ನನ್ನ ಪಟ್ಟಿಗೂ ಅಂತರವಿತ್ತು. ರಜೆ ಮುಗಿಸಿ ಹೋದ ಮೇಲೆ ಅಧ್ಯಾಪಕರು ಬಿಡಿಸಿ ಹೇಳಿದರು: ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ, ಎರಡೂ ಕಡೆ ಸಮಸಮವಾಗಿ ಬೀಳಬೇಕೆಂಬ ನಿಯಮ ಅದಕ್ಕಿಲ್ಲ. ವಸ್ತುವಿನ ಗುಣ ಗೊತ್ತಿದ್ದು ಅದರಿಂದ ಫಲವನ್ನು ಎಣಿಸುವುದು ಸಂಭವನೀಯತೆ; ಕಂಡ ಫಲಗಳಿಂದ ವಸ್ತುವಿನ ಗುಣವನ್ನು ಊಹಿಸುವುದು ಸಂಖ್ಯಾಶಾಸ್ತ್ರ. ಈ ಎರಡರ ಭೇದ ಅಂದು ತಿಳಿದದ್ದು ಇಂದಿಗೂ ಮರೆತಿಲ್ಲ.

ಈ ವಿದ್ಯೆಯ ಬೇರುಗಳು ನಮ್ಮ ನೆಲದಲ್ಲಿಯೂ ಇವೆ. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣರಾಜನು ರಥದಲ್ಲಿ ಹೋಗುತ್ತಾ ದಾರಿಯ ಒಂದು ತಾರೆಮರದ ಎಲೆ ಕಾಯಿಗಳ ಸಂಖ್ಯೆಯನ್ನು ಹೇಳುತ್ತಾನೆ. ಅದರ ಎರಡು ಕೊಂಬೆಗಳಲ್ಲಿ 2095 ಕಾಯಿಗಳಿವೆಯೆಂದು ಅವನು ಹೇಳಲು, ನಳನು ರಥ ನಿಲ್ಲಿಸಿ ಎಣಿಸಿ ನೋಡಿ ಬೆರಗಾಗುತ್ತಾನೆ. ಋತುಪರ್ಣನಿಗೆ ತಿಳಿದಿದ್ದುದು ಅಕ್ಷಹೃದಯ, ಎಂದರೆ ಪಗಡೆಯ ಮರ್ಮ. ಹಿಂದಿನ ಕಾಲದಲ್ಲಿ ದಾಳಗಳಾಗಿದ್ದವು ಆ ತಾರೆಮರದ ಕಾಯಿಗಳೇ. ಜೂಜಿನ ಮರ್ಮವೂ ಎಣಿಕೆಯ ಮರ್ಮವೂ ಒಂದೇ ವಿದ್ಯೆಯೆಂದು ಆ ಕಥೆ ಹೇಳಿದವರಿಗೆ ಹೊಳೆದಿತ್ತು. ಒಂಬತ್ತನೆಯ ಶತಮಾನದಲ್ಲಿ, ಕನ್ನಡನಾಡನ್ನು ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ, ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆಯಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ. ನನ್ನ ಕವಡೆಗಳ ‘ಆರು ಬಗೆ’ ಬರುವುದು ಆ ಸೂತ್ರದಿಂದಲೇ. ಯುರೋಪಿನಲ್ಲಿ 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ವಿದ್ವಾಂಸರು ಅರ್ಧಕ್ಕೆ ನಿಂತ ಜೂಜಿನ ಹಣವನ್ನು ಹಂಚುವ ಬಗ್ಗೆ ಪರಸ್ಪರ ಬರೆದ ಪತ್ರಗಳಿಂದ ಈ ಗಣಿತ ಶಾಸ್ತ್ರದ ರೂಪವನ್ನು ತಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಸಂಖ್ಯಾಶಾಸ್ತ್ರವನ್ನು ಬೆಳೆಸಿದ ಮಹನೀಯರಲ್ಲಿ ಅಗ್ರಗಣ್ಯರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಹೂವಿನಹಡಗಲಿಯಲ್ಲಿ. 2023ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಆ ಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದು ಅದೇ ವರ್ಷ ಅವರು ಕಾಲವಾದರು.

ಎಂಜಿನಿಯರಿಗೆ ಈ ವಿದ್ಯೆ ಏಕೆ ಎಂಬುದು ಪ್ರಯೋಗಾಲಯದಲ್ಲಿ ತಿಳಿಯಿತು. ಹದಿನೈದು ಸೆಂಟಿಮೀಟರಿನ ಕಾಂಕ್ರೀಟು ಘನಗಳನ್ನು ಎರಕ ಹೊಯ್ದು, 28 ದಿನ ಕಳೆದ ಮೇಲೆ ಯಂತ್ರದಲ್ಲಿಟ್ಟು ಒಡೆಯುತ್ತಿದ್ದೆವು. ಸಿಮೆಂಟು ಒಂದೇ, ಮರಳು ಒಂದೇ, ಕಲಸಿದ ಕೈಯೂ ಒಂದೇ. ಆದರೂ ಎರಡು ಘನಗಳು ಒಂದೇ ಭಾರಕ್ಕೆ ಒಡೆದದ್ದನ್ನು ನಾನು ಕಾಣಲಿಲ್ಲ. ಹಾಗಾದರೆ ಯಾವುದನ್ನು ನಂಬಿ ಮನೆ ಕಟ್ಟಬೇಕು? ಸರಾಸರಿಯನ್ನು ನಂಬಿದರೆ ಸರಿಸುಮಾರು ಅರ್ಧದಷ್ಟು ಕಾಂಕ್ರೀಟು ಅದಕ್ಕಿಂತ ದುರ್ಬಲವಾಗಿರುತ್ತದೆ. ಅದಕ್ಕಾಗಿಯೇ ಭಾರತೀಯ ಮಾನಕ 456 ಒಂದು ನಿಯಮವನ್ನಿಟ್ಟಿದೆ: ನೂರು ಪರೀಕ್ಷೆಗಳಲ್ಲಿ ಐದಕ್ಕಿಂತ ಹೆಚ್ಚು ಯಾವ ಬಲಕ್ಕಿಂತ ಕೆಳಗೆ ಬೀಳಲಾರವೋ ಅದನ್ನೇ ಕಾಂಕ್ರೀಟಿನ ಬಲವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಷ್ಟು ಬಲ ಬೇಕಾದರೆ ಮಿಶ್ರಣದ ಸರಾಸರಿ ಬಲವು ಅದಕ್ಕಿಂತ ಮಾನಕ ವಿಚಲನೆಯ 1.65 ಪಟ್ಟು ಹೆಚ್ಚಿರುವಂತೆ ನೋಡಿಕೊಳ್ಳಬೇಕು. ಕೆಲಸದಲ್ಲಿ ಏರುಪೇರು ಹೆಚ್ಚಿದ್ದಷ್ಟೂ ಹೆಚ್ಚು ಅಂತರವನ್ನು ಕಾಯ್ದಿಡಬೇಕು. ತಿಳಿಯದುದನ್ನು ತಿಳಿದಿದ್ದೇವೆಂದು ನಟಿಸದೆ, ಎಷ್ಟು ತಿಳಿಯದು ಎಂಬುದನ್ನು ಅಳೆದು, ಅಷ್ಟಕ್ಕೆ ತಕ್ಕಂತೆ ಉಳಿಸಿಕೊಳ್ಳುವುದು ಈ ನಿಯಮದ ಸಾರ.

ಈ ಪಾಠವನ್ನು ಮನೆಯ ಹೊಸ್ತಿಲೊಳಗೆ ಪರೀಕ್ಷಿಸುವ ಕಾಲ ಬೇಗನೆ ಬಂದಿತು. 1985ರ ಸುಮಾರಿಗೆ ನಾಡಿನಲ್ಲಿ ಬರ ಕಾಣಿಸಿಕೊಂಡಿತ್ತು. ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬೋರ್ ಕೊರೆಯುವ ಲಾರಿಗಳು ನಮ್ಮ ಸೀಮೆಗೆ ಬರುತ್ತಿದ್ದವು. ನಮ್ಮ ತಂದೆಯವರು ಮೂರು ವರ್ಷಗಳ ಅವಧಿಯಲ್ಲಿ ಮೂರು ಕೊಳವೆ ಬಾವಿಗಳನ್ನು ತೆಗೆಸಿದ್ದರು. ಮೂರರಲ್ಲಿಯೂ ಬಂದದ್ದು ಬರೀ ಕಲ್ಲುಪುಡಿ. ಅಂಗೈಯ ಮೇಲೆ ತೆಂಗಿನಕಾಯಿಯಿಟ್ಟು ನೀರು ನೋಡುವವರೊಬ್ಬರು ಮತ್ತೊಂದು ಜಾಗವನ್ನು ತೋರಿಸಿಕೊಟ್ಟಿದ್ದರು. ಈ ಸಲ ಕೈಯಲ್ಲಿ ಹಣವಿರಲಿಲ್ಲ. ಇದ್ದ ಹೊಲವನ್ನು ಅಡವಿಟ್ಟು ಸಾಲ ತರುವ ಮಾತು ನಡೆದಿತ್ತು. ಪರೀಕ್ಷೆ ಮುಗಿಸಿ ನಾನು ಊರಿಗೆ ಬಂದಾಗ ಕಾಗದಪತ್ರಗಳು ಸಿದ್ಧವಾಗುತ್ತಿದ್ದವು.

‘ಮೂರು ಹೋಯ್ತು ಕಣಪ್ಪ, ನಾಕ್ನೆದೂ ಹೋಯ್ತದಾ? ಈ ಸಾರಿ ನೀರು ಬಂದೇ ಬತ್ತದ’ ಎಂದರು ತಂದೆಯವರು. ಆ ಮಾತಿನಲ್ಲಿದ್ದ ತರ್ಕವನ್ನು ಎಷ್ಟೋ ಮನೆಗಳಲ್ಲಿ ಕೇಳಬಹುದು. ಅದು ಬರಿಯ ಮೂಢತನವಲ್ಲ. ಅದರ ಹಿಂದೆ ಅರ್ಧ ಲೆಕ್ಕವಿದೆ. ಹತ್ತು ಬಾವಿಗಳಲ್ಲಿ ನಾಲ್ಕಕ್ಕೆ ನೀರು ಬರುತ್ತದೆ ಎಂದಿಟ್ಟುಕೊಳ್ಳೋಣ. ಆಗ ಸತತವಾಗಿ ನಾಲ್ಕೂ ಬತ್ತುವ ಸಂಭವ ನೂರಕ್ಕೆ ಸುಮಾರು ಹದಿಮೂರು ಮಾತ್ರ. ಆದುದರಿಂದ ನಾಲ್ಕರಲ್ಲಿ ಒಂದಾದರೂ ಫಲಿಸುವ ಸಂಭವ ನೂರಕ್ಕೆ ಎಂಬತ್ತೇಳು. ಆದರೆ ಇದು ಮೊದಲ ಬಾವಿಯನ್ನು ಕೊರೆಯುವುದಕ್ಕೆ ಮುಂಚಿನ ಲೆಕ್ಕ. ಮೂರು ಬತ್ತಿದ್ದು ಆಗಿಹೋಯಿತು. ಇನ್ನು ಉಳಿದಿರುವುದು ಒಂದೇ ಬಾವಿ. ಅದರ ಸಂಭವ ಮೊದಲಿನ ನೂರಕ್ಕೆ ನಲವತ್ತೇ. ಭೂಮಿಯೊಳಗಿನ ನೀರಿಗೆ ನಮ್ಮ ಸಾಲದ ಲೆಕ್ಕ ಗೊತ್ತಿಲ್ಲ.

ನಿಜ ನೋಡಿದರೆ ನಲವತ್ತೂ ಅಲ್ಲ. ಒಳ್ಳೆಯ ಬಿರುಕುಗಳುಳ್ಳ ಬಂಡೆಯಿರುವ ಹೊಲದಲ್ಲಿ ಹತ್ತಕ್ಕೆ ಆರರಷ್ಟು, ಗಟ್ಟಿ ಬಂಡೆಯ ಹೊಲದಲ್ಲಿ ಹತ್ತಕ್ಕೆ ಎರಡರಷ್ಟು ನೀರು ಸಿಗುತ್ತದೆಯೆಂದೂ, ನಮ್ಮದು ಯಾವ ಬಗೆಯ ಹೊಲವೆಂಬುದು ಮೊದಲು ಗೊತ್ತಿರಲಿಲ್ಲವೆಂದೂ, ಎರಡಕ್ಕೂ ಸಮಸಮ ಸಂಭವವೆಂದೂ ಭಾವಿಸೋಣ. ಮೂರು ಬಾವಿಗಳು ಬತ್ತಿದ ಮೇಲೆ ಬೇಯ್ಸ್ ಎಂಬ ಆಂಗ್ಲ ಪಾದ್ರಿಯ ಹೆಸರಿನ ಸೂತ್ರದಂತೆ ಎಣಿಸಿದರೆ, ನಮ್ಮದು ಒಳ್ಳೆಯ ಹೊಲವಾಗಿರುವ ಸಂಭವ ಒಂಬತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಆಗ ನಾಲ್ಕನೆಯ ಬಾವಿಯಲ್ಲಿ ನೀರು ಬರುವ ಸಂಭವ ನೂರಕ್ಕೆ ಸುಮಾರು ಇಪ್ಪತ್ತನಾಲ್ಕು. ಸೋಲುಗಳು ಗೆಲುವನ್ನು ಹತ್ತಿರ ತರುವುದಿರಲಿ, ಅದು ದೂರವಿದೆಯೆಂಬ ಸುದ್ದಿಯನ್ನೇ ಅವು ತಂದಿದ್ದವು. ಊರಿನಲ್ಲಿ ನೀರು ಕಂಡ ಬಾವಿಗಳ ಮಾತನ್ನು ಎಲ್ಲರೂ ಆಡುತ್ತಿದ್ದರು. ಬತ್ತಿದ ಗುಂಡಿಗಳನ್ನು ಕಲ್ಲು ಮುಚ್ಚಿ ಮರೆತಿದ್ದರು. ಮರೆತವನ್ನೂ ಸೇರಿಸಿಯೇ ಎಣಿಸಬೇಕೆಂಬುದು ಸಂಖ್ಯಾಶಾಸ್ತ್ರದ ಮೊದಲ ನಿಯಮ.

ಈ ಲೆಕ್ಕವನ್ನೆಲ್ಲ ತಂದೆಯವರ ಮುಂದೆ ಹಾಗೆಯೇ ಒಪ್ಪಿಸುವುದು ಸಾಧ್ಯವಿರಲಿಲ್ಲ. ‘ಹಂಗಾದ್ರ ನೀರು ಬರಾದಿಲ್ಲ ಅಂತೀಯಾ?’ ಎಂದು ಕೇಳಿದರು. ‘ಬರೋದಿಲ್ಲ ಅಂತ ಹೇಳೋಕಾಗೋದಿಲ್ಲ ಅಪ್ಪ. ನಮ್ಮಂಥ ನಾಲ್ಕು ಜನ ತೆಗೆಸಿದರೆ ಒಬ್ಬರಿಗೆ ಬಂದೀತು. ಉಳಿದ ಮೂವರ ಹೊಲ ಹೋಗ್ತದೆ’ ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಅವ್ವನ ಕಡೆ ತಿರುಗಿ, ‘ಎಷ್ಟು ಬರ ಬಂದ್ರೂ ಬೀಜದ ಗುಡಾಣಕ್ಕ ಕೈ ಹಾಕಿದ್ದೀವಾ?’ ಎಂದು ಕೇಳಿದರು. ‘ಇಲ್ಲ’ ಎಂದರು ಅವ್ವ. ‘ಹೊಲ ಅನ್ನಾದು ಬೀಜ ಇದ್ದಂಗ. ಅದ್ನ ಪಣಕ್ಕ ಇಡಾದು ಬ್ಯಾಡ’ ಎಂದು ತಂದೆಯವರೇ ಮಾತು ಮುಗಿಸಿದರು.

ನನ್ನ ಪುಸ್ತಕದಲ್ಲಿ ಆ ಮಾತಿಗೆ ಒಂದು ಪ್ರಮೇಯವೇ ಇತ್ತು. ಹತ್ತು ರೂಪಾಯಿಯುಳ್ಳವನು ತೊಂಬತ್ತು ರೂಪಾಯಿಯುಳ್ಳವನೊಡನೆ, ಯಾವ ಮೋಸವೂ ಇಲ್ಲದ ಆಟವನ್ನು ಒಂದೊಂದು ರೂಪಾಯಿ ಒಡ್ಡುತ್ತಾ ಒಬ್ಬರ ಗಂಟು ಬರಿದಾಗುವವರೆಗೆ ಆಡಿದರೆ, ಸಣ್ಣ ಗಂಟಿನವನೇ ಬರಿದಾಗುವ ಸಂಭವ ನೂರಕ್ಕೆ ತೊಂಬತ್ತು. ಆಟ ನ್ಯಾಯವಾಗಿದ್ದರೂ ಬಡವನು ಸೋಲುವುದು, ಒಳ್ಳೆಯ ಕಾಲ ಬರುವವರೆಗೆ ತಡೆದುಕೊಳ್ಳುವ ಗಂಟು ಅವನಲ್ಲಿಲ್ಲದ ಕಾರಣ. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಬಿಡುವುದು, ಹದ ಮಳೆ ತಪ್ಪಿದರೆ ಹುರುಳಿ ಚೆಲ್ಲುವುದು, ಬೀಜವನ್ನು ಮಾತ್ರ ಮುಟ್ಟದಿರುವುದು, ಇವೆಲ್ಲವೂ ಆ ಪ್ರಮೇಯವನ್ನು ಓದದ ನಮ್ಮ ಹಿರಿಯರು ಅದಕ್ಕೆ ಕಂಡುಕೊಂಡಿದ್ದ ಪರಿಹಾರಗಳು. ಕಾಂಕ್ರೀಟಿನ ಆ 1.65 ಪಟ್ಟು ಅಂತರವೂ ನಮ್ಮ ಮನೆಯ ಬೀಜದ ಗುಡಾಣವೂ ಒಂದೇ ಜಾತಿಯವೆಂದು ನನಗೆ ಅಂದು ತೋರಿತು.

ಮುಂದಿನ ವರ್ಷ ನಮ್ಮ ಹೊಲಕ್ಕೆ ಸೇರಿದಂತಿದ್ದ ಹೊಲದ ಯಜಮಾನರೊಬ್ಬರು ಬಾವಿ ತೆಗೆಸಿದರು. ನೀರು ಉಕ್ಕಿ ಬಂದಿತು. ಅವರು ಅರಿಶಿನ ಹಾಕಿದರು, ಚೆನ್ನಾಗಿ ಬೆಳೆದರು. ‘ಎಂಜಿನಿಯರ್ ಮಗನ ಮಾತು ಕೇಳಿ ಕೆಟ್ಟಿರಿ’ ಎಂದು ತಂದೆಯವರಿಗೆ ಹೇಳಿದವರುಂಟು. ‘ಅವರಿಗೆ ಬಂತು, ಸಂತೋಷ. ನಮ್ ಹೊಲ ನಮ್ದಾಗೇ ಅದ’ ಎಂದಷ್ಟೇ ತಂದೆಯವರು ಉತ್ತರಿಸಿದರು. ನೆರೆಯವರ ಗೆಲುವಿನಿಂದ ನಮ್ಮ ನಿರ್ಧಾರ ತಪ್ಪಾಗಲಿಲ್ಲ. ಅವರಿಗೆ ಸೋಲಾಗಿದ್ದರೆ ನಮ್ಮದು ಅದರಿಂದ ಸರಿಯಾಗುತ್ತಲೂ ಇರಲಿಲ್ಲ. ನಿರ್ಧಾರವನ್ನು ಅಳೆಯಬೇಕಾದುದು ಅದನ್ನು ಕೈಗೊಂಡಾಗ ನಮಗೆ ಏನು ಗೊತ್ತಿತ್ತು ಎಂಬುದರಿಂದಲೇ ಹೊರತು, ಆಮೇಲೆ ಒದಗಿದ ಫಲದಿಂದಲ್ಲ. ಈ ಶಾಸ್ತ್ರ ಕಲಿಸುವ ಪಾಠಗಳಲ್ಲಿ ಇದೇ ಕಷ್ಟವಾದುದು. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆಯೂ ಬರುವುದಿಲ್ಲ.

ಕಾಲೇಜು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಇದೇ ವಿದ್ಯೆ ನಮ್ಮೂರ ಪಕ್ಕದ ಕಾಡಿಗೂ ಬಂದಿತು. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದಲ್ಲಿ ಹೆಜ್ಜೆಗುರುತುಗಳನ್ನು ಹಿಡಿದು ಹುಲಿಗಳನ್ನು ಎಣಿಸುವ ಕ್ರಮ ಬಹುಕಾಲವಿತ್ತು. ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಆಮೇಲೆ ವನ್ಯಜೀವಿ ವಿಜ್ಞಾನಕ್ಕೆ ತಿರುಗಿದ, ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಈ ಕ್ರಮವನ್ನು ಪ್ರಶ್ನಿಸಿದರು. ಹುಲಿಯಿಂದ ಹುಲಿಗೆ ಪಟ್ಟೆಗಳು ಬೇರೆಯಾದುದರಿಂದ, ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಾಡಿನಲ್ಲಿಟ್ಟು ಸಂಖ್ಯಾಶಾಸ್ತ್ರದಿಂದ ಅಂದಾಜು ಮಾಡುವ ವಿಧಾನವನ್ನು ಅವರು ನಾಗರಹೊಳೆಯಲ್ಲಿ ರೂಢಿಸಿ 1995ರಲ್ಲಿ ಪ್ರಕಟಿಸಿದರು. ಅದರ ತಿರುಳು ಸರಳ. ಮೊದಲ ಸುತ್ತಿನಲ್ಲಿ ಇಪ್ಪತ್ತು ಹುಲಿಗಳ ಚಿತ್ರ ಸಿಕ್ಕಿತು. ಎರಡನೆಯ ಸುತ್ತಿನಲ್ಲಿ ಸಿಕ್ಕ ಇಪ್ಪತ್ತರಲ್ಲಿ ಹತ್ತು ಮೊದಲೇ ಕಂಡವು ಎಂದುಕೊಳ್ಳಿ. ಎಂದರೆ ಮೊದಲ ಸುತ್ತಿನಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಸುಮಾರು ಅರ್ಧದಷ್ಟು. ಆದುದರಿಂದ ಒಟ್ಟು ಹುಲಿಗಳು ಸುಮಾರು ನಲವತ್ತು. ಕಾಣದ ಹುಲಿಗಳನ್ನೂ ಲೆಕ್ಕಕ್ಕೆ ತರುವ ಬಗೆ ಇದು. 2022ರ ಗಣತಿಯಲ್ಲಿ ದೇಶದ ಹುಲಿಗಳ ಅಂದಾಜು 3682. ಕೆಳಮಿತಿ 3167, ಮೇಲ್ಮಿತಿ 3925. ‘ಸರಿಯಾದದ್ದು ಯಾವುದೆಂದು ಹೇಳಲು ಇವರಿಗೆ ಬಾರದೆ?’ ಎಂದು ಕೇಳುವವರಿದ್ದಾರೆ. ಮಿತಿಗಳನ್ನು ಹೇಳುವ ಅಂದಾಜೇ ಪ್ರಾಮಾಣಿಕವಾದುದೆಂದು ಅವರಿಗೆ ತಿಳಿಸಿಕೊಡಬೇಕಾಗಿದೆ.

ಕೊಳವೆ ಬಾವಿಗಳ ಕಥೆಯೂ ಮುಗಿದಿಲ್ಲ. ಗುಂಡ್ಲುಪೇಟೆ ತಾಲ್ಲೂಕು ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿದ್ದುಂಟು. ನಮ್ಮ ತಾಲ್ಲೂಕಿನದೇ ಆದ ಬೇರಂಬಾಡಿ ಜಲಾನಯನದ ಸುಮಾರು 84 ಚದರ ಕಿಲೋಮೀಟರ್ ಪ್ರದೇಶದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಸೇರಿ ಮಳೆ, ಮಣ್ಣಿನ ತೇವ, ಬಾವಿಗಳ ನೀರಿನ ಮಟ್ಟಗಳನ್ನು ವರ್ಷಗಳಿಂದ ಅಳೆದು ಬರೆದಿಟ್ಟಿದ್ದಾರೆ. ಅಲ್ಲಿ ವರ್ಷದ ಸರಾಸರಿ ಮಳೆ ಸುಮಾರು 800 ಮಿಲಿಮೀಟರ್. ಆದರೆ ಸರಾಸರಿಯೊಂದರಿಂದ ಬೆಳೆ ಬರುವುದಿಲ್ಲ. ಆ ಮಳೆ ಯಾವ ತಿಂಗಳು, ಎಷ್ಟು ದಿನಗಳ ಅಂತರದಲ್ಲಿ ಬಂದಿತೆಂಬುದರ ಮೇಲೆ ರೈತನ ಬಾಳು ನಿಂತಿದೆ. ಬಾವಿಗಳು ಹೆಚ್ಚಿದಂತೆ ಒಬ್ಬನ ಬಾವಿಯ ನೀರು ಮತ್ತೊಬ್ಬನ ಬಾವಿಗೆ ಕೊರತೆಯಾಗುತ್ತದೆ. ನಾನು ಕಲಿತ ಭಾಷೆಯಲ್ಲಿ ಹೇಳುವುದಾದರೆ, ಅವು ಸ್ವತಂತ್ರ ಘಟನೆಗಳಲ್ಲ. ನೂರು ಜನ ನೂರು ಸಲ ಬೇರೆಬೇರೆಯಾಗಿ ಅದೃಷ್ಟ ನೋಡುವುದಕ್ಕಿಂತ ಕೆರೆಯ ಹೂಳೆತ್ತಿ ಎಲ್ಲರ ಸಂಭವವನ್ನೂ ಒಟ್ಟಿಗೆ ಹೆಚ್ಚಿಸಿಕೊಳ್ಳುವುದು ಲೆಕ್ಕಕ್ಕೂ ಒಪ್ಪುವ ದಾರಿ.

ಇಂದು ಹಳ್ಳಿಗಳಿಂದ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುತ್ತಿರುವ ಮಕ್ಕಳು ನಮ್ಮ ಕಾಲಕ್ಕಿಂತ ಬಹಳ ಹೆಚ್ಚು. ಅವರಲ್ಲಿ ಅನೇಕರು ಸಂಭವನೀಯತೆಯ ಅಧ್ಯಾಯವನ್ನು ಪರೀಕ್ಷೆಯ ಮುನ್ನಾದಿನ ಸೂತ್ರಗಳನ್ನು ಉರುಹೊಡೆದು ದಾಟಿಬಿಡುತ್ತಾರೆ. ಅಂತಹ ಮಿತ್ರರಿಗೆ ನನ್ನದೊಂದು ವಿಜ್ಞಾಪನೆ. ಚೀಲದ ಕೆಂಪು ಚೆಂಡು, ಕಪ್ಪು ಚೆಂಡುಗಳ ಲೆಕ್ಕವನ್ನು ಮಾಡಿದ ಮೇಲೆ ನಿಮ್ಮ ಮನೆಯ ಹೊಲ, ಸಾಲ, ಬಾವಿಗಳ ಲೆಕ್ಕವನ್ನು ಅದೇ ಸೂತ್ರದಿಂದ ಒಮ್ಮೆ ಮಾಡಿ ನೋಡಿರಿ. ಗೆದ್ದವರೊಡನೆ ಸೋತವರನ್ನೂ ಎಣಿಸಿರಿ. ಸೋತರೆ ಉಳಿಯುವುದೇನು ಎಂದು ಮೊದಲು ಕೇಳಿರಿ. ಕಂಡುಕೊಂಡದ್ದನ್ನು ತಂದೆತಾಯಿಯರಿಗೆ ಅವರ ಮಾತಿನಲ್ಲಿಯೇ ತಿಳಿಸಿ ಹೇಳಿರಿ. ಅದರಲ್ಲಿ ಅರ್ಧವಾದರೂ ಅವರಿಗೆ ಮೊದಲೇ ತಿಳಿದಿರುತ್ತದೆ.